ವೈರಿಯ ಸಾಕ್ಷಿ

ಸೊಲ್ಲಾಪುರದವರ ಮುಂದೆ ವಿಮಾನದ ಮಾತು ತೆಗೆದು ನೋಡಿ, ಅವರು ಚಿಮಣಿಯ ಮಾತು ಶುರು ಮಾಡುತ್ತಾರೆ. ಹೊಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೂ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಗೂ ಇದ್ದ ತಂಟೆ ನಮ್ಮೂರಿನ ಚಹಾದಂಗಡಿಗಳನ್ನು ವರ್ಷಗಟ್ಟಲೆ ಸಾಕಿತು. ತೊಂಬತ್ತು ಮೀಟರಿನಷ್ಟು ಎತ್ತರದ ಆ ಚಿಮಣಿ ವಿಮಾನ ಇಳಿಯುವ ದಾರಿಗೆ ಅಡ್ಡ ನಿಂತಿತ್ತು. ಚಿಮಣಿ ಇರಲಿ ಎಂದವರು ಕಬ್ಬಿನವರು, ವಿಮಾನ ಬರಲಿ ಎಂದವರು ಪೇಟೆಯವರು, ಎರಡೂ ಆಗಲಿ ಎಂದವರು ಓಟು ಕೇಳಲು ಬಂದವರು. ಕಡೆಗೆ 2023ರ ಜೂನ್ 15ರಂದು ಅದನ್ನು ಕೆಡವಿದರು. ಮರುವರ್ಷ ನಿಲ್ದಾಣದ ಉದ್ಘಾಟನೆ ಆಯಿತು, ಅದರ ಮರುವರ್ಷ ಗೋವಾಕ್ಕೆ ವಿಮಾನವೂ ಹಾರಿತು. ಅಲ್ಲಿಯವರೆಗೆ ನಮ್ಮ ಆಕಾಶ ಖಾಲಿ, ಬಾಯಿ ತುಂಬ ವಿಮಾನ.

ಹಾರುವ ವಿಷಯದಲ್ಲಿ ನಮ್ಮ ಜಿಲ್ಲೆಗೆ ಮೊದಲಿನಿಂದಲೂ ಅವಸರ ಕಡಿಮೆ. ಬಾರ್ಶಿ ರಸ್ತೆಯಲ್ಲಿ ನಾನ್ನಜ ಎಂಬ ಊರಿದೆ. ಅಲ್ಲಿ 1979ರಿಂದ ಮಾಳಢೋಕ ಹಕ್ಕಿಯ ಅಭಯಾರಣ್ಯ. ಕರ್ನಾಟಕದ ಕಡೆ ಎರೆಭೂತ ಅನ್ನುತ್ತಾರಲ್ಲ, ಅದೇ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಗಂಡುಹಕ್ಕಿ ಹದಿನೈದು ಕಿಲೋದವರೆಗೂ ತೂಗುವುದುಂಟು. ಹಾರಲು ಬಂದರೂ ಅದು ಬಹುಪಾಲು ಹೊತ್ತು ಹುಲ್ಲಿನಲ್ಲಿ ನಡೆದಾಡುತ್ತದೆ. ಈಗ ಅದು ಕಣ್ಣಿಗೆ ಬೀಳುವುದೇ ಅಪರೂಪ. ವರ್ಷಗಟ್ಟಲೆ ವಿಮಾನವಿಲ್ಲದೆ ಇದ್ದ ನಿಲ್ದಾಣ ಒಂದು ಕಡೆ, ಹಾರಲು ಮನಸ್ಸಿಲ್ಲದ ಹಕ್ಕಿ ಇನ್ನೊಂದು ಕಡೆ. ಇಂಥ ಊರಿನಲ್ಲಿ ಹುಟ್ಟಿ, ಕೋರ್ಟಿನ ಕಾರಕೂನಿಕೆಯಲ್ಲಿ ತಲೆ ನರೆಸಿಕೊಂಡ ನನಗೆ ಯುದ್ಧವಿಮಾನ ಹಾರಿಸುವವರ ಹುಚ್ಚು ಹೇಗೆ ಹತ್ತಿತು ಎಂದು ಮನೆಯವರು ಕೇಳುತ್ತಾರೆ. 1965ರ ಯುದ್ಧದ ಹೊತ್ತಿಗೆ ಚಡ್ಡಿ ಹಾಕುತ್ತಿದ್ದ ಹುಡುಗರಿಗೆಲ್ಲ ಅದು ಹತ್ತಿತ್ತು. ಪಾಟಿಯ ಮೇಲೆ ಲೆಕ್ಕ ಬರೆಯುವುದು ಬಿಟ್ಟು ನ್ಯಾಟ್ ವಿಮಾನದ ಚಿತ್ರ ಬರೆದು ಏಟು ತಿಂದವರು ನಾವು. ಬೇರೆಯವರದು ಇಳಿಯಿತು, ನನ್ನದು ಉಳಿಯಿತು.

ಕಾರಕೂನಿಕೆಗೂ ಈ ಹುಚ್ಚಿಗೂ ಒಂದು ನಂಟಿದೆ. ಕೋರ್ಟಿನಲ್ಲಿ ಕೂತವನು ಕಲಿಯುವ ಮೊದಲ ಪಾಠ, ಸಾಕ್ಷಿಗಳೆಲ್ಲ ಸಮ ಅಲ್ಲ ಎಂಬುದು. ಅಣ್ಣನ ಪರವಾಗಿ ತಮ್ಮ ಬಂದು ಹೇಳಿದರೆ ವಕೀಲರು ನಗುತ್ತಾರೆ. ಹೊಲದ ಬದುವಿಗಾಗಿ ಹದಿನೈದು ವರ್ಷ ಬಡಿದಾಡಿದ ಎದುರುಪಾರ್ಟಿಯವನು ಕಟಕಟೆಯಲ್ಲಿ ನಿಂತು, ಹೌದ್ರೀ ಸಾಹೇಬ್ರ, ಆ ಮಾತಿನ ಮಟ್ಟಿಗೆ ಅಂವ ಹೇಳಿದ್ದು ಖರೆ ಅಂದರೆ ಇಡೀ ಕೋರ್ಟು ಸುಮ್ಮನಾಗುತ್ತದೆ. ತನಗೆ ನಷ್ಟವಾಗುವ ಮಾತನ್ನು ಯಾರೂ ಪುಕ್ಕಟೆ ಹೇಳುವುದಿಲ್ಲ. ಆಕಾಶದಲ್ಲಿ ಹೋರಾಡಿದವರ ಕಥೆಗಳನ್ನು ಓದುತ್ತ ಹೋದಂತೆ ಇದೇ ಪಾಠ ಮತ್ತೆ ಮತ್ತೆ ಎದುರಾಗುತ್ತದೆ. ನಮ್ಮವರ ಶೌರ್ಯ ನಮಗೆ ತಿಳಿಯುವುದು ಎದುರುಪಾರ್ಟಿಯವನ ಬಾಯಿಂದ. ಇಲ್ಲದಿದ್ದರೆ, ಸಂಬಂಧವೇ ಇಲ್ಲದ ಮೂರನೆಯವನಿಂದ.

ಕಳೆದ ವರ್ಷ ಅಕ್ಕಲಕೋಟದ ಎಸ್.ಟಿ. ಬಸ್ಸಿನಲ್ಲಿ ಈ ಮಾತು ಬಂತು. ಅವತ್ತು ಗುರುವಾರ. ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರಿಂದ ಬಸ್ಸು ಕಿಕ್ಕಿರಿದಿತ್ತು. ಮುಂದಿನ ಸೀಟಿನಲ್ಲಿ ಮರಾಠಿ, ಹಿಂದಿನ ಸೀಟಿನಲ್ಲಿ ತೆಲುಗು, ಕಂಡಕ್ಟರನ ಬಾಯಲ್ಲಿ ಮೂರೂ. ನನ್ನ ಪಕ್ಕ ಮೈಂದರ್ಗಿಯ ಒಬ್ಬ ಹುಡುಗ, ಮೊಬೈಲಿನಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ನೋಡುತ್ತಿದ್ದ. ವಳಸಂಗ ಬರುವ ಹೊತ್ತಿಗೆ ಕಿವಿಯಿಂದ ವೈರು ಕಿತ್ತು ಕೇಳಿದ:

“ಕಾಕಾ, ಹಿಂಗ ಖರೇನ ಆಗಿತ್ತೇನ್ರಿ?”

“ಆಗಿತ್ತಪಾ. ಪಿಚ್ಚರ್‌ದವ್ರು ಹೆಸರು ಬ್ಯಾರೆ ಇಟ್ಟಾರ.”

“ಖರೆ ಹೆಸರೇನ್ರಿ?”

“ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವ್ರು.”

“ಹಂಗಾರ ನಮ್ಮವ್ರು!” ಅಂದ ಹುಡುಗ, ಕೊಡಗು ದುಧನಿಯ ಆಚೆಗೇ ಇದ್ದಂತೆ. ಗಡಿಯವರ ಲೆಕ್ಕವೇ ಹಾಗೆ. 1967ರಲ್ಲಿ ಗಡಿತಂಟೆಯ ಮಹಾಜನ ಆಯೋಗ ಅಕ್ಕಲಕೋಟ, ಸೊಲ್ಲಾಪುರಗಳು ಕರ್ನಾಟಕದ ಕಡೆ ಹೋಗಲಿ ಎಂದು ಬರೆಯಿತು, ಅವು ಹೋಗಲಿಲ್ಲ. ಆದರೆ ಆ ಕಡೆಯ ಒಬ್ಬ ಶೂರನನ್ನು ನಮ್ಮವನೆಂದು ಬರೆದುಕೊಳ್ಳಲು ಆಯೋಗದ ಅಪ್ಪಣೆ ಯಾಕೆ? ಹುಡುಗ ಫೋನು ಕಿಸೆಗೆ ಹಾಕಿ, ಹೇಳ್ರಿ ಅಂದ. ನನಗೂ ಕೇಳುವವರು ಸಿಕ್ಕುವುದು ಕಮ್ಮಿ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಗೆ ಸೇರಿದರು. ಹೊಸಬರಿಗೆ ಹಾರಾಟ ಕಲಿಸುವ ಮೇಷ್ಟ್ರ ಕೆಲಸವನ್ನೂ ಮಾಡಿದವರು. ಯುದ್ಧ ಬಂದಾಗ ಅವರು ‘ಟೈಗರ್ಸ್’ ಎಂದು ಕರೆಸಿಕೊಳ್ಳುವ ಒಂದನೇ ಸ್ಕ್ವಾಡ್ರನ್ನಿನಲ್ಲಿದ್ದರು. ಆ ಸ್ಕ್ವಾಡ್ರನ್ನಿನ ಬಳಿ ಇದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಎರಗಬೇಕೆಂದು ನಿಶ್ಚಯವಾಯಿತು. ದಂಡಿನ ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಯಾವುದಾದರೂ ವಿಮಾನ ಹೋಗಲಾಗದಿದ್ದರೆ ಅದರ ಜಾಗಕ್ಕೆ ಹೋಗಲೆಂದು ಅವರನ್ನು ಕಾಯ್ದಿರಿಸಿದ್ದರು. ಒಂದು ವಿಮಾನಕ್ಕೆ ಹೋಗಲಾಗಲಿಲ್ಲ, ದೇವಯ್ಯ ಹೋದರು.

ಸರ್ಗೋಧಾ ಮಿಸ್ಟೇರ್‌ನ ಅಳವಿನ ಅಂಚಿನಲ್ಲಿತ್ತು. ಹೋಗಿ, ಬಡಿದು, ವಾಪಸ್ ಬರುವುದಕ್ಕೆ ಇಂಧನ ಅಷ್ಟಕ್ಕಷ್ಟೆ. ನಡುವೆ ನಿಂತು ಕಾದಾಡುವ ಬಾಬ್ತು ಆ ಲೆಕ್ಕದಲ್ಲಿಲ್ಲ. ಎದುರಿನವರ ಬಳಿ ಇದ್ದದ್ದಾದರೂ ಎಂಥದು? ಅಮೆರಿಕದ ಎಫ್-104 ಸ್ಟಾರ್‌ಫೈಟರ್. ‘ಒಳಗೆ ಮನುಷ್ಯ ಕೂತ ಕ್ಷಿಪಣಿ’ ಎಂದು ಅದಕ್ಕೆ ಅಡ್ಡಹೆಸರು. ಶಬ್ದದ ಎರಡು ಪಟ್ಟು ವೇಗ. ನಮ್ಮ ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಸ್ಟಾರ್‌ಫೈಟರಿನ ಮೈ ಐವತ್ತು ಅಡಿಗೂ ಉದ್ದ. ರೆಕ್ಕೆಗಳೋ ಮೊಟಕು, ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತೆರಡು ಅಡಿಯಷ್ಟೇ. ಆ ರೆಕ್ಕೆಯ ಮುಂದಂಚು ಎಷ್ಟು ತೆಳುವೆಂದರೆ, ವಿಮಾನ ನೆಲದ ಮೇಲೆ ನಿಂತಾಗ ಕೆಲಸಗಾರರ ಮೈಗೆ ತಾಗಿ ಗಾಯವಾಗಬಾರದೆಂದು ಅದಕ್ಕೆ ಕವಚ ತೊಡಿಸಿಡುತ್ತಿದ್ದರು.

ಹುಡುಗನಿಗೆ ಇಲ್ಲಿ ಸಂಶಯ ಬಂತು. “ಅಷ್ಟು ಜೋರ ಇದ್ದದ್ದನ್ನ ಇವ್ರು ಹೆಂಗ ಹೊಡದ್ರಿ?” ನಾನು ಕಿಟಕಿಯ ಹೊರಗೆ ತೋರಿಸಿದೆ. ನೇರ ರಸ್ತೆಯಲ್ಲಿ ಈ ಬಸ್ಸನ್ನು ಸೈಕಲ್ಲಿನವನು ಹಿಡಿಯಲಾರ. ಅದೇ ಇಬ್ಬರನ್ನೂ ಹಳೇ ಊರಿನ ಇಕ್ಕಟ್ಟು ಓಣಿಯಲ್ಲಿ ಬಿಡು, ಬಸ್ಸು ಒಂದು ಮೂಲೆ ತಿರುಗುವುದರೊಳಗೆ ಸೈಕಲ್ಲು ಮೂರು ಮೂಲೆ ತಿರುಗಿ ಬಂದಿರುತ್ತದೆ. ಮೊಟಕು ರೆಕ್ಕೆಯ ವಿಮಾನಕ್ಕೆ ಓಟವೇ ಬಲ. ವೇಗ ಇಳಿಸಿ ತಿರುಗಲು ಹೋದರೆ ರೆಕ್ಕೆ ಅದರ ಭಾರ ಹೊರಲಾರದು. ಅದು ಓಡುವಷ್ಟು ಹೊತ್ತು ಗೆಲ್ಲುತ್ತದೆ. ತಿರುಗುವ ಆಟಕ್ಕೆ ಇಳಿಯಿತೋ, ಆಗ ಮಿಸ್ಟೇರ್‌ನಂಥದಕ್ಕೂ ಅವಕಾಶ.

ಅವತ್ತು ಆದದ್ದೂ ಅದೇ. ಸ್ಟಾರ್‌ಫೈಟರಿನಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ವಾಪಸಾಗುತ್ತಿದ್ದ ಮಿಸ್ಟೇರ್‌ಗಳ ಬೆನ್ನು ಹತ್ತಿ ಬಂದು ದೇವಯ್ಯನವರ ವಿಮಾನಕ್ಕೆ ಗುಂಡು ಹೊಡೆದರು, ತಗುಲಿತು. ಇದು ಮುಗಿಯಿತು ಎಂದುಕೊಂಡು ಮುಂದಿನದರ ಮೇಲೆ ತಿರುಗಿದರು. ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನು ದೇವಯ್ಯ ತಿರುಗಿಸಿದರು. ಆ ಹೊತ್ತಿಗೆ ಅವರಿಗೆ ಊರ ಕಡೆ ಮುಖ ಮಾಡುವ ದಾರಿ ಇತ್ತು, ಪ್ಯಾರಾಶೂಟು ಇತ್ತು. ಅವರು ಸ್ಟಾರ್‌ಫೈಟರಿನ ಕಡೆ ಮುಖ ಮಾಡಿದರು. ಕೆಳಮಟ್ಟದಲ್ಲಿ, ಕಮ್ಮಿ ವೇಗದಲ್ಲಿ ಎರಡೂ ತಿರುಗಿ ತಿರುಗಿ ಕಾದಾಡಿದವು. ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರಿಗೆ ಬಿದ್ದವು. ಅಮ್ಜದ್ ಹುಸೇನ್ ವಿಮಾನ ಬಿಟ್ಟು ಹಾರಿ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ. ಅವರಿಗಿನ್ನೂ ಮೂವತ್ತೆರಡು ವರ್ಷ.

ಇದೆಲ್ಲ ಆಗ ಆದಂಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋದ ವಿಮಾನಗಳಲ್ಲಿ ಒಂದು ಬರಲಿಲ್ಲ, ಅಷ್ಟೆ. ಕಾಗದಪತ್ರದಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬಿತ್ತು. ಕಾರಕೂನನಾಗಿ ಹೇಳುತ್ತೇನೆ, ಕಡತದಲ್ಲಿ ಬರೆಯಬಹುದಾದ ಅತ್ಯಂತ ನಿಷ್ಕರುಣ ಮಾತು ಅದು. ಸತ್ತಿದ್ದಾರೆ ಎಂದರೆ ಮನೆಯವರು ಅಳಬಹುದು, ಬದುಕಿದ್ದಾರೆ ಎಂದರೆ ಕಾಯಬಹುದು. ಕಾಣೆಯಾಗಿದ್ದಾರೆ ಎಂದರೆ ಎರಡನ್ನೂ ಒಟ್ಟಿಗೆ ಮಾಡಬೇಕು. ಅವರ ಹೆಂಡತಿ ಸುಂದರಿ ದೇವಯ್ಯ ಎರಡನ್ನೂ ಮಾಡಿದರು.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆ ಅವರಿಗೆ ನೆರವು ಕೊಟ್ಟಿತ್ತು. ಹೇಳಿದ್ದೆಲ್ಲ ಪಾಕಿಸ್ತಾನದ ಕಡೆಯ ಕಥೆ. ಭಾರತವನ್ನು ಹೊಗಳಲು ಹೊರಟ ಪುಸ್ತಕವಲ್ಲ. ಅದರಲ್ಲಿಯೇ ಈ ಸ್ಟಾರ್‌ಫೈಟರ್ ಹೋದದ್ದು ಹೇಗೆ, ಪೆಟ್ಟು ತಿಂದ ಮಿಸ್ಟೇರ್ ಹೇಗೆ ತಿರುಗಿ ಬಿತ್ತು ಎಂಬುದು ಬಂತು. ಇಲ್ಲಿಯವರು ತಾರೀಖು, ಜಾಗ, ವಿಮಾನಗಳನ್ನು ತಾಳೆ ನೋಡಿದರು. ಆ ಮಿಸ್ಟೇರ್ ದೇವಯ್ಯನವರದೇ, ಬೇರೆಯವರದಾಗಲು ಸಾಧ್ಯವಿಲ್ಲ. ತನೇಜಾ ಅದನ್ನು ಅಷ್ಟಕ್ಕೇ ಬಿಡಲಿಲ್ಲ, ಬರೆದರು, ಕೇಳಿದರು. 1988ರಲ್ಲಿ ಸುಂದರಿಯವರ ಕೈಗೆ ಮಹಾವೀರ ಚಕ್ರ ಬಂತು. ಘಟನೆ ನಡೆದು ಇಪ್ಪತ್ತಮೂರು ವರ್ಷ. ಸೊಲ್ಲಾಪುರದ ದಿವಾಣಿ ದಾವೆಗಳ ಲೆಕ್ಕದಲ್ಲಿ ಅದು ತೀರಾ ಹೆಚ್ಚಲ್ಲ, ಆದರೆ ನಮ್ಮಲ್ಲಿ ಎದುರುಪಾರ್ಟಿಯವನು ಸಾಕ್ಷಿ ಹೇಳಲು ಬರುವುದಿಲ್ಲವಲ್ಲ. ಮಡಿಕೇರಿಯಲ್ಲಿ ಇವತ್ತು ಅವರ ಹೆಸರಿನ ವೃತ್ತವಿದೆ. ಅದಕ್ಕೆ ಅಡಿಪಾಯ ಹಾಕಿದ್ದು, ಒಂದು ಲೆಕ್ಕದಲ್ಲಿ, ಅವರನ್ನು ಹೊಡೆಯಲು ಬಂದವರ ಕಡೆಯ ಮಾತು.

ಸತ್ತರೆಂದುಕೊಂಡವರು ಉಳಿದ ಇನ್ನೊಂದು ಕಥೆ, ಇದಕ್ಕಿಂತ ಅರ್ಧ ಶತಮಾನ ಹಿಂದಿನದು. ಆಗ ಯುದ್ಧವಿಮಾನವೆಂದರೆ ಕಟ್ಟಿಗೆ, ತಂತಿ, ಬಟ್ಟೆ. ರಾವಲ್ಪಿಂಡಿಯ ಹರ್ದಿತ್ ಸಿಂಗ್ ಮಲಿಕ್ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗ. ಮೊದಲ ಮಹಾಯುದ್ಧದಲ್ಲಿ ಫ್ರೆಂಚರ ರೆಡ್‌ಕ್ರಾಸಿಗೆ ಆಂಬುಲೆನ್ಸ್ ಓಡಿಸಿ, ಆಮೇಲೆ ತನ್ನ ಅಧ್ಯಾಪಕರ ಶಿಫಾರಸಿನಿಂದ 1917ರಲ್ಲಿ ಬ್ರಿಟಿಷರ ವಾಯುದಳ ಸೇರಿದರು. ತಲೆಯ ಮೇಲಿನ ಪೇಟ ಬಿಡುವುದಿಲ್ಲ ಎಂದರು. ಕೊನೆಗೆ ಪೇಟದ ಮೇಲೆಯೇ ಕೂರುವಂಥ ದೊಡ್ಡ ಶಿರಸ್ತ್ರಾಣ ಮಾಡಿಸಿಕೊಂಡು ಹಾರಿದರು. 28ನೇ ಸ್ಕ್ವಾಡ್ರನ್ನಿನಲ್ಲಿ ಅವರ ಮುಂದಾಳಾಗಿದ್ದವರು ಕೆನಡಾದ ವಿಲಿಯಂ ಬಾರ್ಕರ್, ಮ್ಯಾನಿಟೋಬಾದ ಒಕ್ಕಲುಮನೆಯಲ್ಲಿ ಬೆಳೆದವರು. 1917ರ ಅಕ್ಟೋಬರ್ 26ರಂದು ಇಬ್ಬರೂ ಜರ್ಮನರ ಗುಂಪಿಗೆ ಸಿಕ್ಕಿಬಿದ್ದರು. ಮಲಿಕರ ಕಾಲಿಗೆ ಗುಂಡು ಬಿತ್ತು, ವಿಮಾನಕ್ಕೆ ನಾನೂರಕ್ಕೂ ಹೆಚ್ಚು ತೂತು. ಒಂದೂ ಇಂಧನದ ಟಾಕಿಗೆ ಬೆಂಕಿ ಹಚ್ಚಲಿಲ್ಲ, ಅದೇ ದೊಡ್ಡದು. ಹೇಗೋ ತಮ್ಮ ಕಡೆಯ ನೆಲದ ಮೇಲೆ ಬಿದ್ದು ಉಳಿದರು. ಹುಡುಗ ಸತ್ತ ಎಂದೇ ಬಾರ್ಕರ್ ತಿಳಿದಿದ್ದರಂತೆ. ಮುಂದೆ ಸ್ವತಂತ್ರ ಭಾರತ ಕೆನಡಾಕ್ಕೆ ಕಳಿಸಿದ ಮೊದಲ ಹೈಕಮಿಷನರ್ ಯಾರೆಂದರೆ ಇದೇ ಮಲಿಕ್.

ಬಾರ್ಕರ್ ಅವರದೂ ಸಣ್ಣ ಕಥೆಯಲ್ಲ. ಅವರು ಹಾರಿಸುತ್ತಿದ್ದ ಕ್ಯಾಮೆಲ್ ವಿಮಾನದಷ್ಟು ಶತ್ರುವಿಮಾನಗಳನ್ನು ಕೆಡವಿದ ಇನ್ನೊಂದು ವಿಮಾನ ಬ್ರಿಟಿಷರ ವಾಯುಪಡೆಯ ಚರಿತ್ರೆಯಲ್ಲಿಲ್ಲ. 1918ರ ಅಕ್ಟೋಬರ್ 27ರಂದು ಒಬ್ಬರೇ ಜರ್ಮನ್ ವಿಮಾನಗಳ ಹಿಂಡಿನ ನಡುವೆ ಸಿಕ್ಕಿ, ಎರಡೂ ತೊಡೆಗೆ, ಎಡ ಮೊಣಕೈಗೆ ಗುಂಡು ತಿಂದು, ಆದರೂ ಹೊಡೆದಾಡಿ ವಿಕ್ಟೋರಿಯಾ ಕ್ರಾಸ್ ಗಳಿಸಿದರು. ಕೆನಡಾದ ಸೈನಿಕರಲ್ಲಿ ಅವರಷ್ಟು ಶೌರ್ಯಪದಕ ಪಡೆದವರು ಇನ್ನೊಬ್ಬರಿಲ್ಲ. ಯುದ್ಧದಲ್ಲಿ ಸಾಯದ ಅವರು 1930ರಲ್ಲಿ ಒಟ್ಟಾವಾದ ಹತ್ತಿರ ಒಂದು ಹೊಸ ವಿಮಾನವನ್ನು ಪರೀಕ್ಷಿಸುವಾಗ ಬಿದ್ದು ಸತ್ತರು. ಟೊರಾಂಟೋದಲ್ಲಿ ಅವರನ್ನು ಇಟ್ಟದ್ದು ಹೆಂಡತಿಯ ತವರಿನವರ ಗೋರಿಮನೆಯಲ್ಲಿ. ಹೊರಗೆ ಇದ್ದ ಹೆಸರು ಮಾವನ ಮನೆತನದ್ದು. ದೇಶದ ಅತಿ ದೊಡ್ಡ ಯೋಧ ಒಳಗಿದ್ದಾನೆಂದು ದಾರಿಹೋಕರಿಗೆ ತಿಳಿಯುವಂತೆ ಅಲ್ಲಿ ಸ್ಮಾರಕ ಇಟ್ಟದ್ದು 2011ರಲ್ಲಿ. ಮನೆಅಳಿಯನ ಪಾಡು ಎಲ್ಲ ದೇಶದಲ್ಲೂ ಒಂದೇ ಅಂತ ಹುಡುಗನಿಗೆ ಹೇಳಿದೆ, ಅವನಿನ್ನೂ ಮದುವೆಯಾಗಿಲ್ಲವಾದ್ದರಿಂದ ಅವನಿಗೆ ನಗು ಬರಲಿಲ್ಲ.

ಕೆನಡಾದವರು ಮರೆಗುಳಿಗಳು ಎಂದು ನಾವು ಬೀಗುವ ಹಾಗಿಲ್ಲ, ಯಾಕೆಂದರೆ ಸೊಲ್ಲಾಪುರಕ್ಕೂ ಕೆನಡಾಕ್ಕೂ ಯುದ್ಧದಲ್ಲಿಯೇ ಒಂದು ಗಂಟು ಬಿದ್ದಿದೆ, ಅದೂ ಇದೇ ಜಾತಿಯದು. ದ್ವಾರಕಾನಾಥ ಕೋಟ್ನಿಸ್ ನಮ್ಮೂರಲ್ಲಿ 1910ರಲ್ಲಿ ಹುಟ್ಟಿದವರು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ಸು 1938ರಲ್ಲಿ ಕಳಿಸಿದ ಐದು ವೈದ್ಯರಲ್ಲಿ ಒಬ್ಬರು. ಅಲ್ಲಿ ಅವರಿಗಿಂತ ಮೊದಲು ಗಾಯಾಳುಗಳನ್ನು ನೋಡುತ್ತಿದ್ದವರು ಕೆನಡಾದ ನಾರ್ಮನ್ ಬೆಥೂನ್. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜೇರಿ, 1939ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದವರು ನಮ್ಮ ಕೋಟ್ನಿಸ್. ಅಲ್ಲಿಯ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮಗನಿಗೆ ಇಂಡಿಯಾ, ಚೀನಾ ಎರಡೂ ಸೇರುವ ಹಾಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಮಗ ಹುಟ್ಟಿದ ವರ್ಷವೇ, 1942ರ ಡಿಸೆಂಬರಿನಲ್ಲಿ, ಮೂರ್ಛೆರೋಗದಿಂದ ಹೋದರು. ಅವರಿಗೂ ಮೂವತ್ತೆರಡೇ.

ಈ ಇಬ್ಬರನ್ನೂ ಎತ್ತಿ ಹಿಡಿದದ್ದು ಚೀನಾ. ಬೆಥೂನ್ ಕಮ್ಯುನಿಸ್ಟರೆಂದು ಅವರ ದೇಶ ಅವರ ಹೆಸರೆತ್ತಲು ಹಿಂದೆಮುಂದೆ ನೋಡಿತು. 1970ರಲ್ಲಿ ಚೀನಾದೊಡನೆ ಸಂಬಂಧ ಕೂಡಿದ ಮೇಲೆ, 1972ರಲ್ಲಿ, ಇವರು ನಮ್ಮ ರಾಷ್ಟ್ರೀಯ ಮಹತ್ವದ ವ್ಯಕ್ತಿ ಎಂದು ಘೋಷಿಸಿತು. ಕೋಟ್ನಿಸರ ವಿಷಯದಲ್ಲಿ ನಿರ್ದೇಶಕ ಶಾಂತಾರಾಮರು 1946ರಲ್ಲಿಯೇ ಸಿನಿಮಾ ಮಾಡಿ ಪುಣ್ಯ ಕಟ್ಟಿಕೊಂಡರು. ಆದರೂ ಚೀನಾದ ನಾಯಕರು ಭಾರತಕ್ಕೆ ಬಂದಾಗಲೆಲ್ಲ ಕೋಟ್ನಿಸರ ಮನೆಯವರನ್ನು ಕಂಡು ಹೋಗುವುದು ಪೇಪರಿನಲ್ಲಿ ಬಂದಮೇಲೆಯೇ ನಮ್ಮಲ್ಲಿ ಎಷ್ಟೋ ಜನರಿಗೆ, ಅರೆ, ಇವರು ನಮ್ಮೂರವರಲ್ಲವೇ ಎಂದು ಹೊಳೆಯಿತು. ಅವರು ಹುಟ್ಟಿದ ಮನೆ ಈಗ ಸ್ಮಾರಕ. ಎಲ್ಲಿಂದ ಬಂದರೆಂದು ಇವತ್ತಿಗೂ ಖಚಿತವಾಗಿ ಹೇಳಲಾಗದ ಸ್ವಾಮಿ ಸಮರ್ಥರನ್ನು ಅಕ್ಕಲಕೋಟದವರು ಕಂಡ ಕೂಡಲೇ ನಮ್ಮವರೆಂದು ಅಪ್ಪಿಕೊಂಡರು. ಅಕ್ಕಲಕೋಟದಿಂದ ನಲವತ್ತು ಕಿಲೋಮೀಟರ್ ಈಚೆಗಿರುವ ನಾವು ಊರಲ್ಲೇ ಹುಟ್ಟಿದವರನ್ನು ಗುರುತಿಸಲು ಬೀಜಿಂಗಿನ ಶಿಫಾರಸು ಬೇಡಿದೆವು.

ಎದುರುಪಾರ್ಟಿಯ ಕಡತವೇ ನಮ್ಮವರ ಹೆಸರು ಕಾಪಾಡಿದ ಇನ್ನೊಂದು ಉದಾಹರಣೆ ನಮ್ಮೂರ ನಡುಬೀದಿಯಲ್ಲೇ ಇದೆ. 1930ರ ಮೇ ತಿಂಗಳಲ್ಲಿ, ಗಾಂಧೀಜಿಯನ್ನು ಹಿಡಿದ ಸುದ್ದಿಗೆ ಊರು ಸಿಡಿದೆದ್ದು, ಬ್ರಿಟಿಷರು ಮಾರ್ಷಲ್ ಲಾ ಹೇರಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾದಲ್ಲಿ ಗಲ್ಲಿಗೇರಿಸಿದರು. ಲಿಂಗಾಯತ, ಮುಸಲ್ಮಾನ, ಮರಾಠ, ಮಾರವಾಡಿ. ಸೊಲ್ಲಾಪುರ ಎಂದರೆ ಯಾರು ಯಾರು ಎಂದು ಕೇಳುವವರಿಗೆ ಆ ಒಂದು ಪಟ್ಟಿ ಸಾಕು. ಬೀದಿಗಿಳಿದ ಸಾವಿರಾರು ಜನರ ಹೆಸರು ಯಾರೂ ಬರೆದಿಡಲಿಲ್ಲ. ಈ ನಾಲ್ವರದನ್ನು ಸರ್ಕಾರವೇ ಬರೆದುಕೊಂಡಿತು, ಅಪರಾಧಿಗಳು ಎಂಬ ತಲೆಬರಹದ ಕೆಳಗೆ. ತಲೆಬರಹವನ್ನು ನಾವು ಬದಲಿಸಿದೆವು.

ಅಕ್ಕಲಕೋಟದ ಅರಮನೆಯಲ್ಲಿ ಒಂದು ಶಸ್ತ್ರಾಗಾರವಿದೆ. ನೋಡದಿದ್ದವರು ನೋಡಬೇಕು. ಕತ್ತಿ, ಭರ್ಚಿ, ಬಂದೂಕು ಗೋಡೆತುಂಬ. ನನಗೆ ಅಲ್ಲಿ ಪ್ರತಿಸಲ ಹೊಳೆಯುವುದು ಒಂದೇ. ಆಯುಧ ಉಳಿಯುತ್ತದೆ, ಅದನ್ನು ಹಿಡಿದ ಕೈ ಯಾರದೆಂದು ಉಳಿಯುವುದಿಲ್ಲ. ಹಿಡಿಯುವುದು ಒಬ್ಬನ ಕೆಲಸ, ಹೇಳುವುದು ಇನ್ನೊಬ್ಬನ ಕೆಲಸ. ಎರಡನೆಯದಕ್ಕೆ ಧೈರ್ಯ ಬೇಡ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ಅಷ್ಟು ದೊಡ್ಡ ವಿಮಾನ ಅವರ ಸಣ್ಣ ವಿಮಾನದೆದುರು ಬಿತ್ತು, ಅದರಲ್ಲಿದ್ದವನು ಗಂಡುಗಲಿ ಎಂದು ಒಪ್ಪಿಕೊಳ್ಳಲು ಒಂದು ಬಗೆಯ ಗಟ್ಟಿ ಎದೆ ಬೇಕು. ದೇವಯ್ಯನವರ ಪದಕದಲ್ಲಿ ಒಂದು ಎಳೆ ಆ ಒಪ್ಪಿಗೆಗೂ ಸಲ್ಲುತ್ತದೆ.

ಆದರೆ ಇದನ್ನೇ ನೆಚ್ಚಿ ಕೂರುವುದು ಸೋಮಾರಿತನ. ಎದುರುಪಾರ್ಟಿಯ ಸಾಕ್ಷಿಗೆ ತೂಕ ಹೆಚ್ಚು ನಿಜ. ಅವನು ಬರುವುದು ತಡ, ಬಂದೇ ಬರುತ್ತಾನೆಂಬ ಖಾತ್ರಿಯೂ ಇಲ್ಲ. ಫ್ರಿಕರ್ ಪುಸ್ತಕ ಬರೆಯದಿದ್ದರೆ, ತನೇಜಾ ಬೆನ್ನು ಹತ್ತದಿದ್ದರೆ ದೇವಯ್ಯ ಇವತ್ತಿಗೂ ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಿದ್ದರು. ಅಂಥವರು ಇನ್ನೆಷ್ಟು ಜನ ಯಾವ ಕಡತದಲ್ಲಿ ಇದ್ದಾರೋ! ಸಿನಿಮಾದವರು ಕಥೆ ಇಟ್ಟುಕೊಂಡು ಹೆಸರು ಬಿಟ್ಟರು. ಹುಡುಗ ಇಳಿಯುವ ಮುಂಚೆ ಆ ಹೆಸರನ್ನು ಮತ್ತೊಮ್ಮೆ ಕೇಳಿ ಫೋನಿನಲ್ಲಿ ಬರೆದುಕೊಂಡ, ಮನೆಹೆಸರು ಅಜ್ಜಮಾಡವೋ ಅಜ್ಜಮಡವೋ ಎಂದು ವಿಚಾರಿಸಿಯೇ ಬರೆದುಕೊಂಡ. ವೈರಿ ಹೇಳಲಿ ಎಂದು ಕಾದರೆ ಇಪ್ಪತ್ತಮೂರು ವರ್ಷ ಹಿಡಿಯುವ ಕೆಲಸ, ನಾವೇ ಹೇಳಿದರೆ ಬಸ್ಸು ಅಕ್ಕಲಕೋಟ ಮುಟ್ಟುವುದರೊಳಗೆ ಆಗಿಹೋಗುತ್ತದೆ.